ಪುಟ್ಟೇನಹಳ್ಳಿಯಲ್ಲಿ ಅಂಗಡಿ ಹಾಕುವ ಮುನ್ನ: ಐಸ್‌ಕ್ರೀಂ ಫ್ರಾಂಚೈಸಿಯೋ, ತಿಂಡಿಯದೋ?

ಊರಲ್ಲಿ ನಾಲ್ಕು ಕಾಸು ಕೈಗೆ ಬಂದರೆ ಮೊದಲು ಬೋರ್‌ವೆಲ್ ಕೊರೆಸುವ ಮಾತು ಬರುತ್ತಿತ್ತು. ಈಗ ‘ಬೆಂಗಳೂರಲ್ಲಿ ಒಂದು ಫ್ರಾಂಚೈಸಿ ತಗೊಂಡ್ರೆ ಹೇಗೆ?’ ಎಂಬ ಮಾತು ಬರುತ್ತಿದೆ. ನಮ್ಮ ಗೆಳತಿಯೊಬ್ಬಳ ಅಣ್ಣ ಕನಕಪುರ ಕಡೆಯ ರೇಷ್ಮೆ ಬೆಳೆಗಾರ. ರಸ್ತೆಗೆ ಹೋದ ಜಮೀನಿನ ಪರಿಹಾರ 8 ಲಕ್ಷ ರೂಪಾಯಿ ಅವರ ಖಾತೆಯಲ್ಲಿತ್ತು. ಪುಟ್ಟೇನಹಳ್ಳಿಯಲ್ಲಿ ಆಟೊ ಓಡಿಸುವ ಅವರ ಭಾವಮೈದ, ಅಲ್ಲೇ ಒಂದು ಮಳಿಗೆ ಖಾಲಿ ಇದೆ ಎಂದು ಹೇಳಿದ್ದ. ಐಸ್‌ಕ್ರೀಂ ಹಾಕೋದಾ, ತಿಂಡಿ ಹಾಕೋದಾ ಎಂದು ಅಣ್ಣ ನಮ್ಮನ್ನು ಕೇಳಿದರು. ಜಮೀನು ಹೋಗಿ ಬಂದ ದುಡ್ಡು ಅದು, ಕಳೆದರೆ ಮತ್ತೆ ಬರುವುದಿಲ್ಲ. ಹಾಗಾಗಿ ನಾವು ಎರಡು ವಾರ ಇದನ್ನೇ ಹಿಡಿದು ಕೂತೆವು.

ಜಾಗ ಚೆನ್ನಾಗಿದೆ, ಆದರೆ...

ಪುಟ್ಟೇನಹಳ್ಳಿ ಜೆ.ಪಿ. ನಗರ 7ನೇ ಹಂತಕ್ಕೆ ಸೇರಿದ ಜಾಗ. ಕೆರೆ ಇದೆ, ಸುತ್ತ ದೊಡ್ಡ ದೊಡ್ಡ ಅಪಾರ್ಟ್‌ಮೆಂಟ್‌ಗಳಿವೆ. ಸಂಜೆ ನಡೆಯಲು ಬರುವವರು, ಮಕ್ಕಳು, ಅಜ್ಜ ಅಜ್ಜಿಯರು ಎಲ್ಲರೂ ಕಾಣುತ್ತಾರೆ. ‘ಇಷ್ಟು ಜನ ಇದ್ದಾರಲ್ಲ, ಸಾಕು’ ಎಂದರು ಅಣ್ಣ. ಆದರೆ ಅದು ಓಡಾಡುವ ಜನ. ಅಂಗಡಿ ಮೆಟ್ಟಿಲು ಹತ್ತುವ ಜನ ಬೇರೆ. ನಾವು ಒಂದು ಶನಿವಾರ ಸಂಜೆ, ಮತ್ತೊಂದು ಮಂಗಳವಾರ ಸಂಜೆ ಅಲ್ಲಿನ ಎರಡು ಅಂಗಡಿಗಳ ಎದುರು ನಿಂತು ಎಣಿಸಿದೆವು. ಶನಿವಾರ ಬಂದ ಗಿರಾಕಿಗಳಲ್ಲಿ ಅರ್ಧದಷ್ಟೂ ಮಂಗಳವಾರ ಬರಲಿಲ್ಲ. ಬಾಡಿಗೆ ಮಾತ್ರ ಎರಡೂ ದಿನಕ್ಕೆ ಒಂದೇ.

ಜೊತೆಗೆ ಅಡ್ವಾನ್ಸ್. ಬೆಂಗಳೂರಲ್ಲಿ ಹತ್ತು ತಿಂಗಳ ಬಾಡಿಗೆ ಕೇಳುವವರು ಇದ್ದಾರೆ. ತಿಂಗಳಿಗೆ 30,000 ಬಾಡಿಗೆ ಎಂದರೆ 3 ಲಕ್ಷ ಅಲ್ಲೇ ಹೋಯಿತು. ಫ್ರೀಜರ್ ಬರುವ ಮೊದಲೇ ಅಣ್ಣನ 8 ಲಕ್ಷ 5 ಲಕ್ಷವಾಯಿತು.

ಶುಲ್ಕ ನೋಡಬೇಡಿ, ಉಳಿಕೆ ನೋಡಿ

ಎಲ್ಲರೂ ಮೊದಲು ಕೇಳುವುದು ‘ಫ್ರಾಂಚೈಸಿಗೆ ಎಷ್ಟು ಕೊಡಬೇಕು?’ ಎಂದು. ಅದಕ್ಕಿಂತ ದೊಡ್ಡ ಪ್ರಶ್ನೆ, ನೂರು ರೂಪಾಯಿ ಮಾರಿದರೆ ನಮಗೆ ಎಷ್ಟು ಉಳಿಯುತ್ತದೆ ಎಂಬುದು. ಉದಾಹರಣೆಗೆ, ಅಮುಲ್ ತನ್ನ ಜಾಲತಾಣದಲ್ಲಿ ಪ್ರಕಟಿಸಿದ್ದ ಪಟ್ಟಿ ತೆಗೆದುಕೊಳ್ಳಿ. ಹಾಲಿನ ಪ್ಯಾಕೆಟ್‌ಗೆ ಶೇ. 2.5, ಹಾಲಿನ ಉತ್ಪನ್ನಗಳಿಗೆ ಶೇ. 10, ಪ್ಯಾಕ್ ಆಗಿ ಬರುವ ಐಸ್‌ಕ್ರೀಂಗೆ ಶೇ. 20, ಅಂಗಡಿಯಲ್ಲೇ ಕಪ್‌ಗೆ ಹಾಕಿ ತಯಾರಿಸಿ ಕೊಡುವ ಐಸ್‌ಕ್ರೀಂಗೆ ಶೇ. 50. ಒಂದೇ ಹೆಸರಿನ ಅಡಿಯಲ್ಲಿ ಇಷ್ಟು ಅಂತರ! ನೀವು ಕೇಳುವ ಹೊತ್ತಿಗೆ ಪಟ್ಟಿ ಬದಲಾಗಿರಬಹುದು, ಕಂಪನಿಯಿಂದಲೇ ಹೊಸದನ್ನು ಪಡೆಯಿರಿ.

ಈಗ ಒಂದು ಲೆಕ್ಕ. ಅಂಕಿಗಳು ಅಂದಾಜಿನವು, ನಿಮ್ಮ ಅಂಕಿ ಹಾಕಿಕೊಳ್ಳಿ. ಬಾಡಿಗೆ 30,000, ಇಬ್ಬರು ಹುಡುಗರ ಸಂಬಳ 30,000, ಕರೆಂಟು ಮತ್ತು ಚಿಲ್ಲರೆ ಖರ್ಚು 10,000. ಒಟ್ಟು 70,000.

ನೂರಕ್ಕೆ 20 ಉಳಿಯುವುದಾದರೆ ತಿಂಗಳಿಗೆ 3,50,000 ರೂಪಾಯಿ ವ್ಯಾಪಾರ ಆಗಬೇಕು. ಎಂದರೆ ದಿನಕ್ಕೆ ಸುಮಾರು 11,670. ಇಪ್ಪತ್ತು ರೂಪಾಯಿಯ ಕೋನ್ ಆದರೆ ದಿನಕ್ಕೆ 580ಕ್ಕೂ ಹೆಚ್ಚು.

ನೂರಕ್ಕೆ 50 ಉಳಿಯುವುದಾದರೆ 1,40,000 ಸಾಕು. ದಿನಕ್ಕೆ ಸುಮಾರು 4,670.

ಅದರ ಮೇಲೆ ಶೇ. 5 ರಾಯಲ್ಟಿ ಇದ್ದರೆ? ರಾಯಲ್ಟಿಯನ್ನು ಸಾಮಾನ್ಯವಾಗಿ ಲಾಭದ ಮೇಲಲ್ಲ, ಮಾರಾಟದ ಮೇಲೆ ಹಿಡಿಯುತ್ತಾರೆ. ಆಗ 50 ಇದ್ದದ್ದು 45 ಆಗಿ, ದಿನಕ್ಕೆ ಸುಮಾರು 5,190 ಮಾರಬೇಕು. ನಷ್ಟ ಆದ ತಿಂಗಳೂ ರಾಯಲ್ಟಿ ಕಟ್ಟಲೇಬೇಕು.

ಇಷ್ಟೆಲ್ಲ ಮಾರಿದರೂ ಅಣ್ಣನ ಕೈಗೆ ಒಂದು ರೂಪಾಯಿ ಬರುವುದಿಲ್ಲ. ಇದು ಬರೀ ಖರ್ಚು ಸರಿದೂಗುವ ಲೆಕ್ಕ. ಇದನ್ನು ಹಾಳೆಯ ಮೇಲೆ ನೋಡಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, ‘ಇದು ಹುಳ ಸಾಕಿದ ಹಾಗೇ ಕಣ್ರಪ್ಪಾ, ಸೊಪ್ಪಿನ ಲೆಕ್ಕ ಮೊದಲು ಹಾಕಬೇಕು’ ಎಂದರು.

ಐಸ್‌ಕ್ರೀಂ, ತಿಂಡಿ: ಎರಡರ ಗುಣ

ಐಸ್‌ಕ್ರೀಂ ಇವತ್ತು ಮಾರದಿದ್ದರೆ ನಾಳೆ ಮಾರಬಹುದು, ಭಟ್ಟರನ್ನು ಹುಡುಕುವ ಕಷ್ಟವಿಲ್ಲ. ಆದರೆ ಮೈನಸ್ 18 ಡಿಗ್ರಿ ತಂಪು ಹಗಲು ರಾತ್ರಿ ಬೇಕು. ಕರೆಂಟ್ ಹೋಗಿ ಕರಗಿದ ಮಾಲಿನ ನಷ್ಟ ಯಾರದ್ದು ಎಂದು ಮೊದಲೇ ಕೇಳಬೇಕು. ಸಂಜೆ ಮಳೆ ಹಿಡಿದರೆ, ಡಿಸೆಂಬರ್ ಚಳಿ ಬಂದರೆ ಗಿರಾಕಿ ಕಮ್ಮಿ.

ತಿಂಡಿಗೆ ವರ್ಷವಿಡೀ ಗಿರಾಕಿ ಇರುತ್ತಾರೆ, ಉಳಿಕೆಯೂ ಹೆಚ್ಚಿರಬಹುದು. ಆದರೆ ರಾತ್ರಿ ಉಳಿದದ್ದು ಚೆಲ್ಲಬೇಕು. ಅಡುಗೆಯವನು ಊರಿಗೆ ಹೋದರೆ ಬಾಗಿಲು ಹಾಕಬೇಕು. ಮನೆಗೆ ತಲುಪಿಸುವ ಆ್ಯಪ್‌ಗಳ ಕಮಿಷನ್ ಬೇರೆ.

ಇನ್ನೊಂದು ವಿಷಯ. ‘ಐಸ್‌ಕ್ರೀಂ’ ಮತ್ತು ‘ಫ್ರೋಜನ್ ಡೆಸರ್ಟ್’ ಒಂದೇ ಅಲ್ಲ. ನಮ್ಮ ಆಹಾರ ನಿಯಮದ ಪ್ರಕಾರ ಐಸ್‌ಕ್ರೀಂನಲ್ಲಿರುವುದು ಹಾಲಿನ ಕೊಬ್ಬು, ಫ್ರೋಜನ್ ಡೆಸರ್ಟ್‌ನಲ್ಲಿ ಸಸ್ಯಜನ್ಯ ಎಣ್ಣೆ ಬಳಸಬಹುದು. ಎರಡನ್ನೂ ಮಾರಬಹುದು, ಆದರೆ ಯಾವುದನ್ನು ಮಾರುತ್ತಿದ್ದೇವೆ ಎಂದು ಮಾರುವವನಿಗೆ ಗೊತ್ತಿರಬೇಕು. ಐಸ್‌ಕ್ರೀಂ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ರಿಂದ 5ಕ್ಕೆ ಇಳಿದಿದೆ. ಹಳೆಯ ಲೆಕ್ಕದ ಹಾಳೆ ತೋರಿಸಿದರೆ ಒಪ್ಪಬೇಡಿ.

ಎರಡನ್ನೂ ಕೂಡಿಸಿ ಗೆದ್ದ ನಮ್ಮವರೊಬ್ಬರಿದ್ದಾರೆ. ಮೂಲ್ಕಿಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತ್ 1984ರಲ್ಲಿ ಮುಂಬೈಯ ಜುಹುವಿನಲ್ಲಿ ‘ನ್ಯಾಚುರಲ್ಸ್’ ಶುರು ಮಾಡಿದಾಗ ಪಾವ್‌ಭಾಜಿಯನ್ನೂ ಮಾರುತ್ತಿದ್ದರು. ಖಾರ ತಿಂದವರು ತಣ್ಣಗಿನದು ಕೇಳುತ್ತಿದ್ದರು. ಜನ ಹೆಚ್ಚಿದ ಮೇಲೆ ಐಸ್‌ಕ್ರೀಂ ಒಂದನ್ನೇ ಉಳಿಸಿಕೊಂಡರು. ಅವರು ಇನ್ನೊಬ್ಬರ ಹೆಸರು ಕೊಳ್ಳಲಿಲ್ಲ. ಅಪ್ಪನಿಂದ ಕಲಿತ ಹಣ್ಣಿನ ಗುರುತು ಅವರ ಬಂಡವಾಳವಾಗಿತ್ತು.

ಫೋನಿಗೆ ಬರುವ ಲಿಂಕ್

ಫ್ರಾಂಚೈಸಿ ಹೆಸರಲ್ಲಿ ಮೋಸವೂ ನಡೆಯುತ್ತದೆ. ಅಮುಲ್ ಹೆಸರಿನ ನಕಲಿ ಜಾಲತಾಣಗಳ ವಿರುದ್ಧ ಕಂಪನಿ 2020ರಲ್ಲಿ ದೆಹಲಿ ಹೈಕೋರ್ಟಿಗೆ ಹೋಗಿತ್ತು. ‘ನೋಂದಣಿ ಶುಲ್ಕ ಇವತ್ತೇ ಹಾಕಿ, ನಾಳೆ ಬೇರೆಯವರಿಗೆ ಹೋಗುತ್ತೆ’ ಎಂದರೆ ಫೋನ್ ಇಟ್ಟುಬಿಡಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಅಮೆರಿಕದಲ್ಲಿ ಸಹಿಗೆ ಕನಿಷ್ಠ 14 ದಿನ ಮೊದಲು ಕಂಪನಿ ತನ್ನ ವಿವರಗಳ ದಾಖಲೆ ಕೊಡಬೇಕೆಂಬ ನಿಯಮ ಇದೆ. ನಮ್ಮಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಹಾಗಾಗಿ ಕೇಳುವ ಕೆಲಸ ನಮ್ಮದೇ. ಒಪ್ಪಂದ ಎಷ್ಟು ವರ್ಷ? ಪಕ್ಕದ ರಸ್ತೆಯಲ್ಲೇ ಇನ್ನೊಬ್ಬರಿಗೆ ಕೊಡುತ್ತಾರಾ? ಬಿಟ್ಟು ಹೋದರೆ ಠೇವಣಿ ವಾಪಸಾ? ಫ್ರೀಜರ್ ಯಾರದ್ದು? ಜಗಳ ಬಂದರೆ ಯಾವ ಊರಿನ ಕೋರ್ಟು? ಉತ್ತರ ಬಾಯಲ್ಲಿ ಬೇಡ, ಬರಹದಲ್ಲಿ ಬೇಕು. ಅದೇ ಫ್ರಾಂಚೈಸಿಯ ಮೂವರು ಅಂಗಡಿಯವರನ್ನಾದರೂ ನೀವೇ ಹುಡುಕಿ ಮಾತಾಡಿಸಿ, ಕಂಪನಿ ತೋರಿಸಿದವರನ್ನು ಮಾತ್ರ ನಂಬಬೇಡಿ.

ಅಣ್ಣ ಆ ಮಳಿಗೆಗೆ ಅಡ್ವಾನ್ಸ್ ಕೊಡಲಿಲ್ಲ. 8 ಲಕ್ಷದಲ್ಲಿ 5 ಲಕ್ಷವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟರು. ಈ ಬೇಸಿಗೆಯಲ್ಲಿ ಎರಡು ತಿಂಗಳು ಪರಿಚಯದವರ ಅಂಗಡಿಯಲ್ಲಿ ಸಂಬಳಕ್ಕೆ ನಿಂತು ಕೆಲಸ ಕಲಿಯುತ್ತೇನೆ ಎಂದಿದ್ದಾರೆ. ಮಳೆಗಾಲದ ಒಂದು ತಿಂಗಳೂ ನಿಲ್ಲಿ ಎಂದು ನಾವು ಹೇಳಿದ್ದೇವೆ. ಬೇಸಿಗೆಯಲ್ಲಿ ಎಲ್ಲ ಐಸ್‌ಕ್ರೀಂ ಅಂಗಡಿಯೂ ಚೆನ್ನಾಗಿಯೇ ಕಾಣುತ್ತದೆ.