ಹಿಟ್ಟಿನ ಲೆಕ್ಕ, ಮನೆಗಳ ಲೆಕ್ಕ

ಪ್ರಭು ಯೇಸು ದೇವರ ಸಾಮ್ರಾಜ್ಯವನ್ನು ಅಡುಗೆಮನೆಯ ಕೆಲಸವೊಂದಕ್ಕೆ ಹೋಲಿಸಿದ ಸಾಮತಿ ನಿಮಗೆ ತಿಳಿದೇ ಇದೆ. ಒಬ್ಬ ಸ್ತ್ರೀ ಸ್ವಲ್ಪ ಹುಳಿಹಿಟ್ಟನ್ನು ಮೂರು ಅಳತೆ ಹಿಟ್ಟಿನಲ್ಲಿ ಕಲಸಿಡುತ್ತಾಳೆ, ಹಿಟ್ಟೆಲ್ಲವೂ ಉಬ್ಬಿಬರುತ್ತದೆ. ಸಂತ ಮತ್ತಾಯನೂ ಸಂತ ಲೂಕನೂ ಇದನ್ನು ದಾಖಲಿಸಿದ್ದಾರೆ. ನಾವು ಗುರುಗಳು ಪ್ರಬೋಧನೆಯಲ್ಲಿ ಹುಳಿಯ ಕುರಿತು ಬಹಳ ಹೇಳುತ್ತೇವೆ. ಹಿಟ್ಟಿನ ಪ್ರಮಾಣದ ಕುರಿತು ಹೇಳುವುದು ಕಡಿಮೆ. ಬೈಬಲ್ ಪಂಡಿತರ ಅಂದಾಜಿನಂತೆ ಮೂರು ಅಳತೆ ಹಿಟ್ಟಿನ ರೊಟ್ಟಿ ಸುಮಾರು ನೂರು ಮಂದಿಗೆ ಸಾಲುತ್ತದೆ. ಆದಿಕಾಂಡದಲ್ಲಿ ಅಬ್ರಹಾಮನ ಡೇರೆಗೆ ಮೂವರು ಅಪರಿಚಿತರು ಬಂದಾಗ ಸಾರಾ ನಾದಿದ್ದೂ ಮೂರು ಅಳತೆಯನ್ನೇ. ತನ್ನ ಮನೆಯವರಿಗಷ್ಟೇ ಆದರೆ ಇಷ್ಟು ಹಿಟ್ಟನ್ನು ಯಾರು ತಾನೇ ಕಲಸುತ್ತಾರೆ?

ಈ ಪ್ರಶ್ನೆ ನನಗೆ ಹೊಳೆದದ್ದು ಗುರುಮಠದ ತರಗತಿಯಲ್ಲಿ ಅಲ್ಲ. ಅದನ್ನು ನನಗೆ ಕಲಿಸಿದವರು ನನ್ನ ತಾಯಿ. ನಾನು ಕಲಿತದ್ದು ಮಾತ್ರ ತಡವಾಗಿ.

ನಮ್ಮ ಮನೆ ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ, ನೇತ್ರಾವತಿಗೆ ಸಮೀಪದಲ್ಲಿತ್ತು. ಕ್ರಿಸ್ಮಸ್‌ಗೆ ಮೊದಲಿನ ವಾರ ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ ಎಂದು ಕುಸ್ವಾರಿನ ಕೆಲಸ ನಡೆಯುತ್ತಿತ್ತು. ಕೊನೆಯ ದಿನ ರವೆ ಮತ್ತು ತೆಂಗಿನಕಾಯಿಯ ಕೇಕು. ಆಗ ನಮ್ಮಲ್ಲಿ ಓವನ್ ಎಲ್ಲಿತ್ತು? ಕಾಯಿಯನ್ನು ನುಣ್ಣಗೆ ಅರೆದು, ರವೆ, ಸಕ್ಕರೆ, ತುಪ್ಪ, ಊರಕೋಳಿಯ ಮೊಟ್ಟೆ, ಏಲಕ್ಕಿ ಸೇರಿಸಿ, ಕಲಸಿದ ಹಿಟ್ಟನ್ನು ಅಮ್ಮ ರಾತ್ರಿಯಿಡೀ ಮುಚ್ಚಿಡುತ್ತಿದ್ದರು. ರವೆ ಕಾಯಿಯ ಹಸಿಯನ್ನು ಹೀರಿಕೊಂಡು ಅರಳಬೇಕು. ಅವಸರ ಮಾಡಿದರೆ ಕೇಕು ಪುಡಿಪುಡಿಯಾಗುತ್ತದೆ. ಮರುದಿನ ದಪ್ಪ ತಳದ ಪಾತ್ರೆಗೆ ಬಾಡಿಸಿದ ಬಾಳೆಲೆ ಹಾಸಿ, ಹಿಟ್ಟು ಸುರಿದು, ಗೆರಟೆಯ ಕೆಂಡದ ಮೇಲಿಡುತ್ತಿದ್ದರು. ಮುಚ್ಚಳದ ಮೇಲೂ ಕೆಂಡ. ಕೆಳಗೆ ಕಡಿಮೆ, ಮೇಲೆ ಹೆಚ್ಚು. ಲೆಕ್ಕ ತಪ್ಪಿದರೆ ತಳ ಕರಟಿ ನಡು ಹಸಿಯಾಗಿಯೇ ಉಳಿಯುತ್ತದೆ. ಒಂದು ಗಂಟೆಯ ಬಳಿಕ ತೆಂಗಿನ ಗರಿಯ ಕಡ್ಡಿಯನ್ನು ಚುಚ್ಚಿ ನೋಡುತ್ತಿದ್ದರು. ಕಡ್ಡಿ ಒಣಗಿ ಬಂದರೆ ಅವರ ಮುಖ ಅರಳುತ್ತಿತ್ತು.

ಆದರೆ ನಮಗೆ ಸಿಗುತ್ತಿದ್ದುದು ಒಂದೊಂದೇ ತುಂಡು. ಉಳಿದದ್ದು ತಟ್ಟೆಗಳಿಗೆ ಹೋಗುತ್ತಿತ್ತು. ಕ್ರೈಸ್ತರ, ಹಿಂದೂಗಳ, ಮುಸಲ್ಮಾನರ ಮನೆಗಳಿಗೆ ಆ ತಟ್ಟೆಗಳನ್ನು ಹೊತ್ತು ನಡೆಯುತ್ತಿದ್ದವನು ನಾನೇ. ಕೊಟ್ಟ ತಟ್ಟೆ ಬರಿದಾಗಿ ಮರಳುತ್ತಿರಲಿಲ್ಲ. ಹಣ್ಣೋ, ಸಕ್ಕರೆಯೋ, ಹಿಡಿ ಅಕ್ಕಿಯೋ ಅದರಲ್ಲಿ ಇದ್ದೇ ಇರುತ್ತಿತ್ತು.

ಮುಂದೆ ನಾನು ಮಂಗಳೂರಿನ ಜೆಪ್ಪುವಿನಲ್ಲಿರುವ ಸಂತ ಜೋಸೆಫರ ಗುರುಮಠಕ್ಕೆ ಸೇರಿದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮನೆಗೆ ಹೋಗಲಾಗದ ವರ್ಷಗಳಲ್ಲಿ ಅಮ್ಮ ಆಶೀರ್ವದಿಸಿದ ಹೊಸ ಭತ್ತದ ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳುಹಿಸುತ್ತಿದ್ದರು. ನಮ್ಮ ತಾಲೂಕಿನ ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ 1763ರಲ್ಲಿ ವಂದನೀಯ ಜೋಕಿಂ ಮಿರಾಂದರು ಆರಂಭಿಸಿದರೆಂದು ಹೇಳಲಾಗುವ ಆ ಹಬ್ಬದಂದು, ಊಟಕ್ಕೆ ಬಾರದವರಿಗೂ ಪಾಲು ಸಲ್ಲಲೇಬೇಕು. ಅಮ್ಮನ ಲೆಕ್ಕದಲ್ಲಿ ನಾನು ಮನೆಯಲ್ಲಿಯೇ ಇದ್ದೆ.

ನಾನು ಮಾತ್ರ ಆ ಲೆಕ್ಕವನ್ನು ಮರೆತೆ. ಗುರುದೀಕ್ಷೆಯ ಬಳಿಕದ ಮೊದಲ ವರ್ಷಗಳಲ್ಲಿ ಮೂಡುಬಿದಿರೆಯ ಆಸುಪಾಸಿನ ಧರ್ಮಕೇಂದ್ರವೊಂದರಲ್ಲಿ ಸಹಾಯಕ ಗುರುವಾಗಿದ್ದೆ. ಆಗಮನ ಕಾಲದ ಒಂದು ಭಾನುವಾರ ಕುಸ್ವಾರಿನ ವಿರುದ್ಧ ಖಾರವಾಗಿ ಪ್ರಬೋಧಿಸಿದೆ. ಎಷ್ಟು ಸಕ್ಕರೆ, ಎಷ್ಟು ಎಣ್ಣೆ, ಎಷ್ಟು ಹೊತ್ತು ವ್ಯರ್ಥ. ಈ ಗದ್ದಲದಲ್ಲಿ ಗೋದಲಿಯ ಕಂದನಿಗೆ ಸ್ಥಳವೆಲ್ಲಿ ಎಂದು ಕೇಳಿದೆ. ಅಂದು ಸಿದ್ಧಕಟ್ಟೆ ಮಾರ್ಗದ ಬಸ್ಸಿನಲ್ಲಿ ನನ್ನನ್ನು ನೋಡಲು ಬಂದಿದ್ದ ಅಮ್ಮ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಅವರ ಮಡಿಲಲ್ಲಿ ಬಟ್ಟೆ ಸುತ್ತಿದ ಡಬ್ಬಿ, ಅದರೊಳಗೆ ಕೇಕು. ಪೂಜೆಯ ನಂತರ ಅದನ್ನು ನನ್ನ ಕೈಗಿತ್ತು ಮೆಲ್ಲಗೆ ಕೊಂಕಣಿಯಲ್ಲಿ ಹೇಳಿದರು: “ಚೆನ್ನಾಗಿ ಹೇಳಿದೆ, ಪುತಾ. ಸಕ್ಕರೆಯ ಲೆಕ್ಕ ಹೇಳಿದೆ. ಮನೆಗಳ ಲೆಕ್ಕ ಹೇಳಲಿಲ್ಲ.” ನಾನು ನಕ್ಕು ಸುಮ್ಮನಾದೆ. ಅವರು ಮತ್ತೆಂದೂ ಆ ಮಾತನ್ನು ಎತ್ತಲಿಲ್ಲ.

2009ರ ನವೆಂಬರಿನಲ್ಲಿ ಅಮ್ಮ ಪ್ರಭುವಿನಲ್ಲಿ ನಿದ್ರೆಹೋದರು. ಸಾವಿನ ಮನೆಯಲ್ಲಿ ಆ ವರ್ಷ ಕುಸ್ವಾರ್ ಮಾಡುವುದಿಲ್ಲ ಎಂಬುದು ನಮ್ಮ ಹಿರಿಯರ ರೂಢಿ. ಕ್ರಿಸ್ಮಸ್ ದಿನ ಪೂಜೆಗಳನ್ನು ಮುಗಿಸಿ ನಾನು ಮನೆ ಸೇರುವಾಗ ಮಧ್ಯಾಹ್ನವಾಗಿತ್ತು. ಅಪ್ಪ ಜಗಲಿಯಲ್ಲಿ ಒಬ್ಬರೇ ಇದ್ದರು. ಒಲೆ ತಣ್ಣಗಿತ್ತು, ಕೇಕಿನ ಪಾತ್ರೆ ಅಟ್ಟದಲ್ಲಿ ಬೋರಲಾಗಿತ್ತು. ಆದರೆ ಒಳಗಿನ ಮೇಜಿನ ಮೇಲೆ ಜಾಗವಿರಲಿಲ್ಲ. ಮುಚ್ಚಿಟ್ಟ ತಟ್ಟೆಗಳು, ಎಣಿಸಿದೆ, ಹನ್ನೊಂದು. ಒಂದರಲ್ಲಿ ಸಾನ್ನಾಂ, ಇನ್ನೊಂದರಲ್ಲಿ ಕೇಕು, ಮತ್ತೊಂದರಲ್ಲಿ ಹಿಂದೂ ನೆರೆಯವರು ಕೊಟ್ಟ ಸಿಹಿ ಕಡುಬು. ಬೆಳಗ್ಗಿನಿಂದ ಒಲೆ ಹಚ್ಚಲು ಯಾರೂ ಬಿಡಲಿಲ್ಲವೆಂದರು ಅಪ್ಪ.

ಹನ್ನೊಂದನೆಯ ತಟ್ಟೆಯನ್ನು ತೋರಿಸಿ ಅವರು ಸ್ವಲ್ಪ ಹೊತ್ತು ಮಾತು ನಿಲ್ಲಿಸಿದರು. ಅದು ಗಡಿಯ ತಕರಾರಿನಿಂದ ವರ್ಷಗಟ್ಟಲೆ ನಮ್ಮೊಂದಿಗೆ ಮಾತು ಬಿಟ್ಟಿದ್ದ ಮನೆಯದು. “ನಿಮ್ಮವರು ಒಂದು ವರ್ಷವೂ ತಪ್ಪಿಸಿದವರಲ್ಲ” ಎಂದು ಆ ಮನೆಯಾಕೆ ಅತ್ತರಂತೆ. ಅಪ್ಪನಿಗೆ ತಿಳಿಯದಂತೆ ಅಮ್ಮ ಪ್ರತಿ ಕ್ರಿಸ್ಮಸ್‌ಗೂ ಬೇಲಿಯ ಮೇಲಿಂದ ತಟ್ಟೆ ದಾಟಿಸುತ್ತಿದ್ದರು. ಅಂದು ಸಂಜೆ ಅಪ್ಪ ಆ ತಟ್ಟೆಯನ್ನು ತೊಳೆದು, ಗೊನೆಯಿಂದ ಒಂದು ಚಿಪ್ಪು ಬಾಳೆಹಣ್ಣು ಕಿತ್ತಿಟ್ಟು, ತಾವೇ ಕೊಟ್ಟು ಬಂದರು. ನೂರು ಪ್ರಬೋಧನೆಗಳಿಂದ ನಾನು ಮಾಡಲಾಗದುದನ್ನು ಅಮ್ಮನ ಕೇಕು ಮಾಡಿತ್ತು.

ಕೆಲವು ವರ್ಷಗಳ ಬಳಿಕ ನನ್ನ ಸೇವೆ ಬೆಳ್ತಂಗಡಿ ತಾಲೂಕಿಗೆ ಬದಲಾಯಿತು. ಅಲ್ಲಿ ಕೇರಳದಿಂದ ಬಂದು ನೆಲೆಸಿದ ಸಿರೋ-ಮಲಬಾರ್ ಕುಟುಂಬಗಳು ಬಹಳ. ಅವರಿಗಾಗಿ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ್ಯವೂ ಸ್ಥಾಪನೆಯಾಗಿದೆ. ಒಂದು ಪವಿತ್ರ ಗುರುವಾರ, ಸಂಜೆಯ ಪೂಜೆಯ ನಂತರ, ನೆರೆಯ ಅಂತಹ ಒಂದು ಮನೆಗೆ ನನ್ನನ್ನು ಕರೆದರು. ಅಕ್ಕಿಹಿಟ್ಟು ಮತ್ತು ಉದ್ದಿನಿಂದ, ಹುಳಿ ಬರಿಸದೆ, ಹಬೆಯಲ್ಲಿ ಬೇಯಿಸಿದ ಪೆಸಹಾ ಅಪ್ಪ. ಅದರ ಮೇಲೆ ಗರಿಗಳ ಭಾನುವಾರದ ಓಲೆಯ ಶಿಲುಬೆ. ಜೊತೆಗೆ ಬೆಲ್ಲ ಹಾಕಿದ ತೆಂಗಿನ ಹಾಲು. ಮನೆಯ ಹಿರಿಯರು ಪ್ರಾರ್ಥಿಸಿ, ಅಪ್ಪವನ್ನು ಕತ್ತರಿಸಿ, ಹಾಲಿನಲ್ಲಿ ಅದ್ದಿ, ಹಿರಿಯರಿಂದ ಕಿರಿಯರವರೆಗೆ ಹಂಚಿದರು. ಅದಕ್ಕೂ ಮೊದಲು ಒಂದು ಪಾಲನ್ನು ಬೇರೆ ತೆಗೆದಿಟ್ಟಿದ್ದರು. ಯಾರಿಗೆಂದು ಕೇಳಿದೆ. ಆ ವರ್ಷ ಸಾವಾದ ಮನೆಯಲ್ಲಿ ಅಪ್ಪ ಮಾಡುವುದಿಲ್ಲ. ನೆರೆಯವರು ತಮ್ಮದರಲ್ಲಿ ಪಾಲು ಕೊಡಬೇಕು, ಅದೇ ಕ್ರಮ ಎಂದರು. ನಮ್ಮ ಮನೆಯ ಆ ಹನ್ನೊಂದು ತಟ್ಟೆಗಳು ನನ್ನ ಕಣ್ಣ ಮುಂದೆ ಬಂದವು.

ಓದುಗರೇ, ಇಂದು ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳೇ ಹೆಚ್ಚು. ಬೇಕರಿಯಿಂದ ಕೇಕು ತರುವುದು ಪಾಪವಲ್ಲ. ಅದರಿಂದ ಅನೇಕರ ಹೊಟ್ಟೆ ತುಂಬುತ್ತದೆ. ಕುಸ್ವಾರಿನ ಆಡಂಬರದ ಕುರಿತು ನಾನಂದು ಹೇಳಿದ್ದರಲ್ಲಿ ಎಲ್ಲವೂ ತಪ್ಪೂ ಅಲ್ಲ. ಆದರೂ ನನ್ನದೊಂದು ವಿನಂತಿ. ಹಬ್ಬಕ್ಕೆ ಒಂದು ತಿನಿಸನ್ನಾದರೂ ಮನೆಯಲ್ಲಿ ಮಾಡಿ. ತಾಯಂದಿರ ಮೇಲೆಯೇ ಹೊರಿಸದೆ ಗಂಡಸರು ಕಾಯಿ ತುರಿಯಲಿ, ಮಕ್ಕಳು ಹಿಟ್ಟು ಕಲಸಲಿ. ಕಲಸುವ ಮೊದಲು ಮಕ್ಕಳನ್ನು ಕೂರಿಸಿಕೊಂಡು ಮನೆಗಳ ಲೆಕ್ಕ ಹಾಕಿ: ಈ ವರ್ಷ ಯಾರ ಮನೆಯಲ್ಲಿ ಒಲೆ ತಣ್ಣಗಿದೆ? ಯಾರೊಂದಿಗೆ ನಮಗೆ ಮಾತಿಲ್ಲ? ಆ ಮೇಲೆ ಹಿಟ್ಟನ್ನು ಅಳೆಯಿರಿ. ತಟ್ಟೆ ಹೊರುವ ಕೆಲಸ ಮಕ್ಕಳದ್ದೇ ಆಗಲಿ.

ಪ್ರತಿದಿನ ಪೂಜಾಪೀಠದ ಬಳಿ ನಿಂತು ರೊಟ್ಟಿಯನ್ನು ಮುರಿಯುವಾಗ ನನಗೆ ಅಮ್ಮನ ನೆನಪಾಗುತ್ತದೆ. ಮುರಿಯದ ರೊಟ್ಟಿ ಎಷ್ಟೇ ಸುಂದರವಾಗಿದ್ದರೂ ಯಾರ ಹಸಿವನ್ನೂ ನೀಗಿಸದು. ನಮ್ಮ ಮನೆಯ ಆ ಪಾತ್ರೆ ಈಗ ತಮ್ಮನ ಹೆಂಡತಿಯ ಕೈಯಲ್ಲಿದೆ. ಕಳೆದ ಕ್ರಿಸ್ಮಸ್‌ಗೂ ಅದರಲ್ಲಿ ಕೇಕು ಬೆಂದಿತು. ಬೇಲಿಯಾಚೆಯ ಮನೆಗೆ ತಟ್ಟೆ ಹೋಯಿತು, ಈಗ ಮುಂಬಾಗಿಲಿನಿಂದಲೇ.