ಬಿಸಿನೀರು, ಅರಗು, ಕಾಫಿ ಮರ

ಸಾಬಕ್ಕಿಯಂಥ ಬಿಳಿ ಕಾಳು. ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪ್ಲಾಸ್ಟಿಕ್. 60 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಮೆತ್ತಗಾಗುತ್ತದೆ. ಮೆತ್ತಗಾದಾಗ ಗಾಜಿನ ಹಾಗೆ ಕಾಣುತ್ತದೆ, ಆರಿದಾಗ ಮತ್ತೆ ಬಿಳಿ.

*

ಮಡಿಕೇರಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲೆ. ಇಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಈ ಕಾಳಿಗೆ ಅಷ್ಟೂ ಬೇಡ.

*

ಕಾಫಿ ಗಿಡದ ಬುಡ ಎಲ್ಲೂ ನೇರ ಇಲ್ಲ. ಕೆತ್ತಲು ಬಿಗಿದಿಡುವ ವೈಸ್‌ಗೆ ಸಿಗುವುದಿಲ್ಲ. ಅದರಲ್ಲಿ ಕೆತ್ತನೆ ಮಾಡುವ ಒಬ್ಬರು ಗಂಟಿನ ಸುತ್ತ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿದರು. ಇಲ್ಲದಿದ್ದರೆ ಮೆತ್ತಗಾದ ಕಾಳು ಸಂದಿಗೆಲ್ಲ ಇಳಿದು ಕಚ್ಚಿಕೊಳ್ಳುತ್ತದಂತೆ. ಮೇಲೆ ಬಿಸಿ ಮುದ್ದೆ ಒತ್ತಿ, ಎರಡು ಬದಿ ಚಪ್ಪಟೆ ಮಾಡಿದರು. ಆರಿತು. ಡೊಂಕು ಬುಡ ವೈಸ್‌ನಲ್ಲಿ ಅಲುಗಾಡದೆ ನಿಂತಿತು.

*

ಅವರ ಉಳಿಯ ಹಿಡಿಗೂ ಅದೇ ಮೆತ್ತಿದೆ. ನಾಲ್ಕು ಬೆರಳಿನ ತಗ್ಗು, ಹೆಬ್ಬೆರಳಿನದು ಬೇರೆ. ಹಿಡಿದು ನೋಡಿದೆ. ನನ್ನ ಬೆರಳು ಒಂದೂ ಕೂರಲಿಲ್ಲ. ಅವರು ಎಡಚರು.

*

ಜೋಮಾಲೆ, ಕೊಡವ ಹೆಂಗಸರ ಚಿನ್ನದ ಸರ. ಮಣಿಗಳು ತೆಳು ತಗಡಿನವು, ಒಳಗೆಲ್ಲ ಅರಗು, ಅದೂ ಬಿಸಿಗೆ ಮೆತ್ತಗಾಗುವಂಥದು. ಅರಗಿಲ್ಲದಿದ್ದರೆ ಹಿಸುಕಿದರೆ ಸಾಕು, ತಗ್ಗು ಬೀಳುತ್ತದೆ.

*

ವಿರಾಜಪೇಟೆಯಲ್ಲಿ ಒಬ್ಬ ಅಕ್ಕಸಾಲಿಗರ ಮುಂದೆ ಅರ್ಧ ದಿನ ಕೂತಿದ್ದೆ. ಅರಗಿಗೆ ಇಟ್ಟಿಗೆ ಪುಡಿ ಬೆರೆಸಿದ ಕಪ್ಪು ಗಡ್ಡೆ. ಕಾಯಿಸಿ, ತಗಡನ್ನು ಅದರಲ್ಲಿ ಕೂರಿಸಿ, ಆರಿದ ಮೇಲೆ ಸಣ್ಣ ಚಾಣದಿಂದ ಹೂವಿನ ಉಬ್ಬು ಎಬ್ಬಿಸುತ್ತಾರೆ. ಪೆಟ್ಟು ಬಿದ್ದಲ್ಲಿ ಅರಗು ಅಷ್ಟೇ ತಗ್ಗುತ್ತದೆ, ಸುತ್ತ ಬಿಗಿಯಾಗಿಯೇ ಇರುತ್ತದೆ. ತಗಡು ಹರಿಯುವುದಿಲ್ಲ. ಕೆಲಸ ಮುಗಿದ ಮೇಲೆ ಮತ್ತೆ ಬಿಸಿ, ತಗಡು ಬಿಟ್ಟುಕೊಳ್ಳುತ್ತದೆ.

‘ಈ ಅರಗು ಎಷ್ಟು ಹಳೇದು?’

‘ನಮ್ಮಪ್ಪನ ಕಾಲದ್ದು. ಕಮ್ಮಿಯಾದಾಗ ಒಂದಿಷ್ಟು ಸೇರಿಸ್ತೀವಿ.’

*

ಅರಗು ಒಂದು ಹುಳುವಿನದು. ಕೊಂಬೆಯ ರಸ ಹೀರಿ, ಮೈಸುತ್ತ ಕಟ್ಟಿಕೊಂಡ ಗೂಡು. ಬಿಳಿ ಕಾಳಿನ ಮೂಲ ಪೆಟ್ರೋಲಿಯಂ. ಆದರೂ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ಅರಗಿಸಿಕೊಳ್ಳುತ್ತವೆ.

*

ಅರಗಿಸಿಕೊಳ್ಳುವುದು. ಬರೆದ ಮೇಲೆ ಆ ಪದವನ್ನೇ ನೋಡುತ್ತ ಕೂತೆ.

*

ಚನ್ನಪಟ್ಟಣದಲ್ಲಿ ಬಣ್ಣ ಹಚ್ಚಲು ಬೆಂಕಿಯೂ ಬೇಡ, ಬಿಸಿನೀರೂ ಬೇಡ. ತಿರುಗುವ ಆಲೆಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಕಾವಿಗೇ ಕರಗಿ ಮರಕ್ಕೆ ಹಿಡಿಯುತ್ತದೆ. ಬೊಂಬೆಯ ಬಣ್ಣ ಅದು.

*

ಬಿಸಿಲಲ್ಲಿ ಬಾಗಿಲು ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿ ದಾಟಬಹುದು. ಬಿಳಿ ಕಾಳಿನ ಹಿಡಿಯ ಉಳಿಯನ್ನು ಅಲ್ಲಿ ಬಿಡಬೇಡಿ.

*

ಹಳೆಯ ಜೋಮಾಲೆ ಮಾರುವಾಗ ಅರಗಿನ ತೂಕ ಕಳೆಯುತ್ತಾರೆ. ಅಷ್ಟು ವರ್ಷ ಮಣಿಯ ಆಕಾರ ಕಾದದ್ದು ಅದೇ. ನನಗೆ ಇದು ಸರಿಹೋಗುವುದಿಲ್ಲ.

*

ಕೆತ್ತನೆಯವರ ಮನೆಗೆ ಮತ್ತೆ ಹೋದೆ. ಆ ಉಳಿಯನ್ನು ಕಲಿಯಲು ಬಂದ ಹುಡುಗನಿಗೆ ಕೊಡುತ್ತಿದ್ದರು. ಹಿಡಿಯನ್ನು ಬಿಸಿನೀರಿನ ಚೊಂಬಿಗೆ ಇಳಿಬಿಟ್ಟರು. ಮೊದಲು ಬಿಳಿ ಹೋಗಿ ಒಳಗಿನ ಮರ ಕಾಣಿಸಿತು. ಆಮೇಲೆ ಹೋದದ್ದು ಹೆಬ್ಬೆರಳಿನ ಗುರುತು. ಹುಡುಗ ಬಲಗೈಯಲ್ಲಿ ಹಿಡಿದ. ಬೆಳ್ಳಗಾಗುವವರೆಗೂ ಬಿಡಲಿಲ್ಲ.