ಗಡಿಯಾಚೆಯ ನಮ್ಮ ಬಳ್ಳಾರಿ ಮತ್ತು ರವಿ ಬೆಳಗೆರೆ

ನೇಮಕಲ್ಲಿನ ಕನ್ನಡಿಗರಾದ ನಮಗೆ ಪಟ್ಟಣವೆಂದರೆ ಇಂದಿಗೂ ಬಳ್ಳಾರಿಯೇ. 1953ರ ಅಕ್ಟೋಬರ್ 1ರಂದು ರಾಯದುರ್ಗ, ಆಲೂರು, ಆದವಾನಿ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ ಮೈಸೂರಿನ ಪಾಲಾಯಿತು. ಜಿಲ್ಲೆ ಒಡೆಯಿತೇ ಹೊರತು ಸಂತೆ, ಸಂಬಂಧಗಳು ಒಡೆಯಲಿಲ್ಲ. ಶ್ರಾವಣದಲ್ಲಿ ಬಳ್ಳಾರಿಯ ಭಕ್ತರು ನಮ್ಮ ಆಂಜನೇಯನ ಸನ್ನಿಧಿಗೆ ಬರುತ್ತಾರೆ. ನಾವು ಔಷಧಕ್ಕೆ, ಮದುವೆಯ ಜವಳಿಗೆ, ಕನ್ನಡ ಪುಸ್ತಕಕ್ಕೆ ಅಲ್ಲಿಗೆ ಹೋಗುತ್ತೇವೆ. ಆದುದರಿಂದ ರವಿ ಬೆಳಗೆರೆಯವರನ್ನು ನಾವು ಬೆಂಗಳೂರಿನ ಪತ್ರಕರ್ತರೆಂದು ಓದಲಿಲ್ಲ, ನಮ್ಮ ಕಡೆಯವರೆಂದು ಓದಿದೆವು.

1958ರ ಮಾರ್ಚ್ 15ರಂದು ಬಳ್ಳಾರಿಯಲ್ಲಿ ಹುಟ್ಟಿದ ಅವರು ಶಿಕ್ಷಕಿಯ ಮಗ. ಧಾರವಾಡದಲ್ಲಿ ಇತಿಹಾಸದ ಸ್ನಾತಕೋತ್ತರ ಪದವಿ ಪಡೆದು ಕೆಲಕಾಲ ಅದನ್ನೇ ಬೋಧಿಸಿದರು. 1995ರಲ್ಲಿ ‘ಹಾಯ್ ಬೆಂಗಳೂರ್’ ವಾರಪತ್ರಿಕೆ ಹೊರಟಿತು. ಅದರ ಮುಖಪುಟವನ್ನು ಮಕ್ಕಳ ಕಣ್ಣಿಗೆ ಬೀಳದಂತೆ ಮಡಚಿಡುತ್ತಿದ್ದೆವು ಎಂಬುದೂ ನಿಜ. ಅಲ್ಲಿ ಬಂದುದೆಲ್ಲವೂ ನಮಗೆ ಒಪ್ಪಿಗೆಯಾಗುತ್ತಿರಲಿಲ್ಲ; ಪರರ ಮನೆಯ ನೋವನ್ನು ವಾರವಾರವೂ ಬೀದಿಗೆ ತರುವ ಬರಹದಲ್ಲಿ ಒಂದು ಕ್ರೌರ್ಯ ಇದ್ದೇ ಇರುತ್ತದೆ.

ಆದರೂ ‘ಪಾಪಿಗಳ ಲೋಕದಲ್ಲಿ’ಯಂತಹ ಅಪರಾಧ ಕಥನಗಳನ್ನು ನಾವು ಕೆಳಗಿಡಲಾರದೆ ಓದಿದ್ದೇಕೆ? ಕೊಲೆ ನಡೆದ ಕ್ಷಣಕ್ಕಿಂತ ಕೊಲೆಗಾರನ ಊರು, ಮನೆ, ಬಡತನ, ಸೇಡು ಇವುಗಳ ಬೆನ್ನು ಹತ್ತುವುದು ಅವರ ರೀತಿ. ಇತಿಹಾಸ ಓದಿದ ಮೇಷ್ಟರ ಅಭ್ಯಾಸವದು ಎಂದು ನಮ್ಮ ಊಹೆ. ‘ಮಾಟಗಾತಿ’, ‘ಹೇಳಿ ಹೋಗು ಕಾರಣ’ದಂತಹ ಕಾದಂಬರಿಗಳನ್ನು ಬರೆದ ಕೈಯೇ ಸಂಜಯ ಗಾಂಧಿಯ ಬದುಕನ್ನು ಹೇಳುವ ‘ಇಂದಿರೆಯ ಮಗ ಸಂಜಯ’ವನ್ನೂ ಕೊಟ್ಟಿತು.

ಇವೆಲ್ಲಕ್ಕಿಂತ ನಮಗೆ ಪ್ರಿಯವಾದವು ಬಳ್ಳಾರಿಯ ನೆನಪುಗಳು. ಏಕಶಿಲೆಯ ಗುಡ್ಡ, ಕೆಂಡದಂಥ ಬಿಸಿಲು, ಕೌಲ್ ಬಜಾರು, ತೆಲುಗು-ಉರ್ದು ಬೆರೆತ ಒರಟು ಕನ್ನಡ: ಆ ಊರಿನಲ್ಲಿ ಬೆಳೆದವರಿಗೆ ಜಗಳದ ದನಿಯೂ ಅಕ್ಕರೆಯ ದನಿಯೂ ಒಂದೇ ತೆರನಾಗಿ ಕೇಳಿಸುತ್ತವೆ. ಬೆಂಗಳೂರು ಸೇರಿದ ಮೇಲೂ ಅವರ ವಾಕ್ಯಗಳಲ್ಲಿ ಆ ಬಿಸಿಲು ಆರಲಿಲ್ಲ. ಶಿಷ್ಟ ಕನ್ನಡದ ಮುಂದೆ ನಾಚುತ್ತಿದ್ದ ನಮ್ಮಂಥ ಗಡಿಯವರಿಗೆ ಅದೇ ಒಂದು ಧೈರ್ಯ.

2020ರ ನವೆಂಬರ್ 13ರಂದು ಅವರು ತೀರಿಕೊಂಡರು. ಅವರ ಪುಸ್ತಕಗಳು ನಮ್ಮ ಮನೆಗಳಲ್ಲಿವೆ. ಓದುವವರು ಮಾತ್ರ ನಲವತ್ತು ದಾಟಿದವರು. ತೆಲುಗು, ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುತ್ತಿರುವ ನಮ್ಮ ಮಕ್ಕಳು ಮನೆಯಲ್ಲಿ ಸೊಗಸಾಗಿ ಕನ್ನಡವಾಡುತ್ತಾರೆ, ಅಕ್ಷರ ಗುರುತಿಸಲಾರರು. ಹೀಗಾಗಿ ನಾವೇ ಗಟ್ಟಿಯಾಗಿ ಓದಿ ಕೇಳಿಸುವುದುಂಟು. ಬಳ್ಳಾರಿಯ ಬಾಲ್ಯದ ಪುಟವೊಂದನ್ನು ಓದಿದಾಗ ಹುಡುಗಿಯೊಬ್ಬಳು ಕೇಳಿದಳು: “ನಮ್ಮ ಅವ್ವ ಮಾತಾಡೋದನ್ನ ಪುಸ್ತಕದಾಗ ಬರೀಬಹುದಾ?” ಮರುವಾರದಿಂದ ಅವಳಿಗೆ ಅ, ಆ ಬರೆಸತೊಡಗಿದ್ದೇವೆ.